ಕೀಳಬೇಡಿ, ಕರಗಿಸಿ: ಬೆಸುಗೆ ಬಗ್ಗೆ ಓದುಗರ ಪ್ರಶ್ನೆಗಳು

ಕಂಪ್ಯೂಟರ್ ರಿಪೇರಿ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಸೋಲ್ಡರಿಂಗ್ ಬಗ್ಗೆಯೇ ಜಾಸ್ತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಜಿಲ್ಲೆಯವರು ಕೇಳಿದ್ದಾರೆ. ಹಾಗಾಗಿ ವೈರಸ್, ವಿಂಡೋಸ್ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಎರಡನೇ ವರ್ಷ. ಮನೆಯಲ್ಲಿ ಅಪ್ಪನ ಕಾಲದ 25 ವ್ಯಾಟ್ ಸೋಲ್ಡರಿಂಗ್ ಐರನ್ ಇದೆ. ವೈರ್ ಜೋಡಿಸೋಕೆ ಚೆನ್ನಾಗಿದೆ, ಆದರೆ ಮದರ್‌ಬೋರ್ಡ್ ಮೇಲೆ ಸೋಲ್ಡರ್ ಕರಗೋದೇ ಇಲ್ಲ. ಐರನ್ ಕೆಟ್ಟಿದೆಯಾ? ಹೊಸದು ತಗೊಂಡರೆ ಯಾವುದು ತಗೊಳ್ಳಲಿ?
(ವಿದ್ಯಾರ್ಥಿ, ವಿದ್ಯಾಗಿರಿ, ಬಾಗಲಕೋಟೆ)

ಉತ್ತರ: ಐರನ್ ಕೆಟ್ಟಿಲ್ಲ, ಅದರ ಶಕ್ತಿ ಸಾಲುತ್ತಿಲ್ಲ ಅಷ್ಟೇ. ಮದರ್‌ಬೋರ್ಡ್ ಒಳಗೆ ತಾಮ್ರದ ಪದರಗಳು ಒಂದರ ಮೇಲೊಂದು ಇರುತ್ತವೆ. ನಾಲ್ಕು, ಆರು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಅದರಲ್ಲೂ ಗ್ರೌಂಡ್, ಅಂದರೆ ಮೈನಸ್ ಕಡೆಯ, ಪದರ ಇಡೀ ಬೋರ್ಡಿನಷ್ಟು ಅಗಲ. ಗ್ರೌಂಡ್ ಪಿನ್‌ಗೆ ನೀವು ಐರನ್ ಮುಟ್ಟಿಸಿದರೆ ಆ ತಾಮ್ರ ಬಿಸಿಯನ್ನೆಲ್ಲ ಎಳೆದುಕೊಂಡು ಹಂಚಿಬಿಡುತ್ತದೆ, ಸ್ಟೌ ಮೇಲೆ ಮದುವೆಮನೆಯ ಹಂಡೆ ಇಟ್ಟ ಹಾಗೆ. ಇನ್ನೊಂದು ಕಾರಣವೂ ಇದೆ. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸಕ್ಕೆ ನಿರ್ಬಂಧ ಬಂತು. ಆಮೇಲೆ ಹೆಚ್ಚಿನ ಕಂಪ್ಯೂಟರ್ ಕಾರ್ಖಾನೆಗಳು ತವರ, ಬೆಳ್ಳಿ, ತಾಮ್ರ ಬೆರೆಸಿದ ಬೆಸುಗೆಗೆ ಬದಲಾದವು. ಅದು ಕರಗೋದು 217 ಡಿಗ್ರಿ ದಾಟಿದ ಮೇಲೆ. ಅಪ್ಪನ ಕಾಲದ ತವರ-ಸೀಸದ ಬೆಸುಗೆ 183 ಡಿಗ್ರಿಗೇ ನೀರಾಗುತ್ತಿತ್ತು.

ಹೊಸದು ತಗೊಳ್ಳೋದಾದರೆ 60 ವ್ಯಾಟಿನ, ಬಿಸಿ ಹೆಚ್ಚು ಕಡಿಮೆ ಮಾಡಲು ಬರುವಂಥದ್ದು ಇರಲಿ. ಬೋರ್ಡ್ ಕೆಲಸಕ್ಕೆ 350 ಡಿಗ್ರಿ ಆಸುಪಾಸು ಇಟ್ಟರೆ ಸಾಕು. ಅದರ ಜೊತೆ ಬರುವ ಸೂಜಿ ಮೊನೆಯ ಬಿಟ್ (ಐರನ್ನಿನ ಬಿಸಿ ತುದಿ) ನೋಡೋಕೆ ಚೆಂದ, ಕೆಲಸಕ್ಕೆ ಬಾರದು. ಮೊನೆ ಚೂಪಾದಷ್ಟೂ ಬಿಸಿ ಇಳಿಯೋದು ಕಡಿಮೆ. 2-3 ಮಿಲಿಮೀಟರ್ ಅಗಲದ ಉಳಿಯಾಕಾರದ ಬಿಟ್ ಕೇಳಿ ಪಡೆಯಿರಿ. ಹಳೇ ಐರನ್ನಿನ ತಾಮ್ರದ ಬಿಟ್ ಕಪ್ಪಾದರೆ ಅಪ್ಪ ಅರ ಹಾಕಿ ಉಜ್ಜುತ್ತಿದ್ದರು ಅಲ್ವಾ, ಹೊಸ ಬಿಟ್‌ಗೆ ಹಾಗೆ ಮಾಡಬೇಡಿ. ಅದರ ಮೇಲೆ ತೆಳು ಕಬ್ಬಿಣದ ಲೇಪ ಇರುತ್ತದೆ. ಅರ ತಾಗಿದರೆ ಲೇಪ ಹೋಯಿತು, ಬಿಟ್ ಸವೆಯೋದು ಶುರು. ಒದ್ದೆ ಸ್ಪಂಜಿನಲ್ಲಿ ಒರೆಸಿ, ಆರಿಸುವ ಮುಂಚೆ ತುದಿಗೆ ಒಂದಿಷ್ಟು ಸೋಲ್ಡರ್ ಹಚ್ಚಿಡಿ.

ಸೋಲ್ಡರ್ ವೈರ್ 63-37ರದು, ಅಂದರೆ 63 ಪಾಲು ತವರ, 37 ಪಾಲು ಸೀಸ, 0.8 ಮಿಲಿಮೀಟರ್ ದಪ್ಪ. ಬೆಸುಗೆ ಚೆನ್ನಾಗಿ ಹಿಡಿಯಲಿ ಅಂತ ಹಚ್ಚುವ ಫ್ಲಕ್ಸ್ ರೋಸಿನ್ ಅಂದರೆ ರಾಳದ್ದೇ ಆಗಬೇಕು. ತಗಡು, ಪೈಪು ಬೆಸೆಯೋಕೆ ಅಂತ ಡಬ್ಬಿಯಲ್ಲಿ ಆಸಿಡ್ ಪೇಸ್ಟ್ ಸಿಗುತ್ತದೆ, ಅದನ್ನು ಬೋರ್ಡಿನ ಹತ್ತಿರ ತರಬೇಡಿ. ಆವತ್ತು ಬೆಸುಗೆ ಹೊಳೆಯುತ್ತದೆ, ಕೆಲವು ತಿಂಗಳಲ್ಲಿ ಬೋರ್ಡಿನ ಟ್ರ್ಯಾಕನ್ನೇ, ಅಂದರೆ ತಾಮ್ರದ ಗೆರೆಯನ್ನೇ, ತಿಂದು ಹಾಕುತ್ತದೆ. ಮತ್ತೊಂದು ಮಾತು. ಐರನ್ ಮೂರು ಪಿನ್ನಿನದಾಗಿರಲಿ, ಸಾಕೆಟ್‌ನಲ್ಲಿ ನಿಜವಾಗಲೂ ಅರ್ತ್ ಇರಲಿ. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. ಬಿಸಿಯಾದ ಬಿಟ್‌ಗೆ ಟೆಸ್ಟರ್ ಮುಟ್ಟಿಸಿದಾಗ ಮಿಣುಕಿದರೆ ಆ ಐರನ್ ಬೋರ್ಡಿಗೆ ಬೇಡ.

ಪ್ರಶ್ನೆ: ಮೌಸ್ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತದೆ. ಫೋಲ್ಡರ್ ತಾನೇ ತೆರೆದುಕೊಳ್ಳುತ್ತದೆ. ಎಸೆಯಬೇಕಾ?
(ಓದುಗರು, ತಿಲಕವಾಡಿ, ಬೆಳಗಾವಿ)

ಉತ್ತರ: ಎಸೆಯಬೇಡಿ. ಬೆಸುಗೆ ಕಲಿಯೋಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಬಟನ್ನಿನ ಕೆಳಗೆ ಪುಟ್ಟ ಚೌಕದ ಸ್ವಿಚ್ ಇದೆ, ಅದರೊಳಗೆ ಬಾಗುವ ತಾಮ್ರದ ಎಲೆ. ಲಕ್ಷಗಟ್ಟಲೆ ಸಲ ಒತ್ತಿ ಒತ್ತಿ ಅದು ಸಡಿಲಾಗಿ ಸಂಪರ್ಕದ ಜಾಗ ಮಾಸಿರುತ್ತದೆ. ಒಂದೇ ಒತ್ತಿಗೆ ಅದು ತಾಗಿ, ಬಿಟ್ಟು, ಮತ್ತೆ ತಾಗುತ್ತದೆ. ಬಹಳ ಮೌಸ್‌ಗಳಲ್ಲಿ ಓಮ್ರಾನ್ ಕಂಪನಿಯ ಡಿ2ಎಫ್‌ಸಿ-ಎಫ್-7ಎನ್ ಅಥವಾ ಅದೇ ಅಳತೆಯ ಸ್ವಿಚ್ ಇರುತ್ತದೆ. ಮೂರು ಕಾಲು. ಕರಗಿದ ಸೋಲ್ಡರ್ ಹೀರುವ ಪಂಪಿನಿಂದ ಒಂದೊಂದೇ ಕಾಲು ಬಿಡಿಸುತ್ತಾ ಕೂರುವುದಕ್ಕಿಂತ, ಮೂರೂ ಕಾಲು ಸೇರುವಷ್ಟು ಹೊಸ ಸೋಲ್ಡರ್ ಸುರಿದು ಒಂದೇ ಗುಡ್ಡೆ ಮಾಡಿ, ಬಿಟ್ ಅಡ್ಡ ಇಟ್ಟು ಕಾಯಿಸಿ. ಪೂರ್ತಿ ನೀರಾದಾಗ ಸ್ವಿಚ್ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಬೀಳಲಿಲ್ಲ ಅಂದರೆ ಇನ್ನೂ ಕರಗಿಲ್ಲ ಅಂತ ಅರ್ಥ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಮಧ್ಯದ ಬಟನ್ನಿನ ಸ್ವಿಚ್ ಎಷ್ಟೋ ಸಲ ಬೇರೆ ಅಳತೆ, ಕೊಳ್ಳುವ ಮುಂಚೆ ಬಿಚ್ಚಿ ನೋಡಿ.

ಪ್ರಶ್ನೆ: ಲ್ಯಾಪ್‌ಟಾಪಿನ ಚಾರ್ಜರ್ ಪಿನ್ ಅಲುಗಾಡಿಸಿ, ಒಂದು ಕಡೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡೇ ಹೋಗಿದೆ ಅಂದರು. ಇನ್ನೊಬ್ಬರು ಜ್ಯಾಕ್ ಅಷ್ಟೇ ಅಂದರು. ನನಗೆ ಸ್ವಲ್ಪ ಸೋಲ್ಡರಿಂಗ್ ಬರುತ್ತದೆ. ನಾನೇ ಮಾಡಬಹುದಾ?
(ಶಿಕ್ಷಕರು, ಜಮಖಂಡಿ)

ಉತ್ತರ: ಅಲುಗಾಡಿಸಿದರೆ ಚಾರ್ಜ್ ಆಗುತ್ತದೆ ಅಂದಮೇಲೆ ಬೋರ್ಡ್ ಬದುಕಿದೆ ಸರ್. ಬೋರ್ಡ್ ಹೋಗಿದ್ದರೆ ಅಲುಗಾಡಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಮೊದಲು ಅಡಾಪ್ಟರ್ ಮೇಲೆ ಅನುಮಾನ ಪಡಿ. ಪಿನ್ನಿನ ಬುಡದಲ್ಲಿ ಕೇಬಲ್ ಬಗ್ಗಿ ಬಗ್ಗಿ ಒಳಗಿನ ಎಳೆ ಕಡಿದಿರಬಹುದು. ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಟ್ಟು ತುದಿಯಲ್ಲಿ ನೋಡಿ, ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ 19 ವೋಲ್ಟ್ ಆಸುಪಾಸು ಬರಬೇಕು. ಕೇಬಲ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಕಳ್ಳ ಅಲ್ಲೇ ಸಿಕ್ಕಿದ. ಕುಣಿಯಲಿಲ್ಲ ಅಂದರೆ ಲ್ಯಾಪ್‌ಟಾಪ್ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಿತ್ತ ಮೇಲೆಯೇ ಬೇರೆ ಕಡೆ ಕೈ ಹಾಕಿ. ಈಗಿನ ಬಹಳ ಮಾಡೆಲ್‌ಗಳಲ್ಲಿ ಜ್ಯಾಕ್ ಬೋರ್ಡಿಗೆ ಅಂಟಿರುವುದೇ ಇಲ್ಲ, ಒಂದು ಗೇಣು ವೈರಿನ ತುದಿಯಲ್ಲಿ ಇರುತ್ತದೆ, ಆ ವೈರ್ ಸೆಟ್ ತಂದು ಸಿಕ್ಕಿಸಿದರೆ ಮುಗಿಯಿತು, ಐರನ್ ಬಿಸಿ ಮಾಡುವ ಕೆಲಸವೂ ಇಲ್ಲ. ಬೋರ್ಡ್ ಬದಲಿಸಬೇಕು ಅಂತ ಹೇಳುವ ಮುಂಚೆ ಇಷ್ಟಾದರೂ ಬಿಚ್ಚಿ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ.

ಜ್ಯಾಕ್ ಬೋರ್ಡಿಗೇ ಬೆಸೆದಿದ್ದರೆ ಎರಡು ಸಾಧ್ಯತೆ. ಬರೀ ಬೆಸುಗೆ ಬಿರುಕು ಬಿಟ್ಟಿರಬಹುದು, ಪಿನ್ನಿನ ಸುತ್ತ ಕೂದಲೆಳೆಯಷ್ಟು ಉಂಗುರ ಕಾಣುತ್ತದೆ, ಭೂತಗನ್ನಡಿ ಹಿಡಿಯಿರಿ. ಆಗ ಫ್ಲಕ್ಸ್ ಹಾಕಿ, ಹೊಸ ಸೋಲ್ಡರ್ ಸೇರಿಸಿ ಮತ್ತೆ ಕರಗಿಸಿದರೆ ಸಾಕು. ಇಲ್ಲವೇ ಜ್ಯಾಕಿನ ಒಳಗಿನ ಸ್ಪ್ರಿಂಗ್ ಹೋಗಿರುತ್ತದೆ, ಆಗ ಇಡೀ ಜ್ಯಾಕ್ ತೆಗೆಯಬೇಕು. ಬೋರ್ಡ್‌ಗಳು ಸಾಯುವುದು ಇಲ್ಲೇ. ಮನೆಯಲ್ಲಿ ಹಾಳಾದ ಎಷ್ಟೋ ಬೋರ್ಡ್ ನೋಡಿದ್ದೇನೆ, ಐರನ್ನಿನ ಬಿಸಿಗೆ ಸತ್ತವು ಕಡಿಮೆ, ಕೈಯ ಜೋರಿಗೆ ಸತ್ತವೇ ಜಾಸ್ತಿ. ತೂತಿನ ಒಳಗೋಡೆಗೂ ತಾಮ್ರ ಬಳಿದಿರುತ್ತದೆ, ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಅದೇ ಸೇತುವೆ. ಒಂದು ಪಿನ್ ಇನ್ನೂ ಗಟ್ಟಿ ಇರುವಾಗಲೇ ಜ್ಯಾಕ್ ಎಳೆದರೆ ಆ ತಾಮ್ರದ ಕೊಳವೆ ಪಿನ್ನಿಗೆ ಅಂಟಿಕೊಂಡು ಹೊರಗೆ ಬರುತ್ತದೆ. ಆಮೇಲೆ ಎಷ್ಟು ಚೆಂದ ಬೆಸೆದರೂ ಒಳಪದರಕ್ಕೆ ಕರೆಂಟ್ ಮುಟ್ಟುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಕಾರ್ಖಾನೆಯ ಸೋಲ್ಡರ್ ಮೇಲೆಯೇ ಧಾರಾಳವಾಗಿ ಫ್ಲಕ್ಸ್, ಅದರ ಮೇಲೆ ನಿಮ್ಮ ಸೀಸದ ಸೋಲ್ಡರ್. ಎರಡೂ ಬೆರೆತರೆ ಕರಗುವ ಬಿಸಿ ಇಳಿಯುತ್ತದೆ. ವಿಕ್, ಅಂದರೆ ತಾಮ್ರದ ಹೆಣಿಗೆ ಪಟ್ಟಿ, ಇಟ್ಟು ಹೀರಿಸಿ. ಮತ್ತೆ ಹೊಸದು ಹಾಕಿ, ಮತ್ತೆ ಹೀರಿಸಿ. ಗ್ರೌಂಡ್ ಪಿನ್ ಮೊಂಡಾಟ ಮಾಡಿಯೇ ಮಾಡುತ್ತದೆ. ಪರಿಚಯದ ಮೊಬೈಲ್ ಅಂಗಡಿಯಲ್ಲಿ ಬಿಸಿಗಾಳಿಯ ಬ್ಲೋವರ್ ಇದ್ದರೆ ಬೋರ್ಡಿನ ಕೆಳಗಿನಿಂದ ಆ ಜಾಗವನ್ನು ಮೆಲ್ಲಗೆ 100 ಡಿಗ್ರಿಯ ತನಕ ಕಾಯಿಸಿಕೊಂಡು, ಮೇಲಿನಿಂದ ಐರನ್ ಇಡಿ, ಕೆಲಸ ಅರ್ಧ ಹಗುರ. ಹತ್ತಿರದ ಪ್ಲಾಸ್ಟಿಕ್ ಕನೆಕ್ಟರಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಸುತ್ತಿ. ಇನ್ನೊಂದು ದಾರಿ, ಹಳೇ ಜ್ಯಾಕ್ ಹೇಗೂ ಬೇಡವಲ್ಲ, ಕಟರ್‌ನಿಂದ ಅದನ್ನೇ ಚೂರು ಚೂರು ಕತ್ತರಿಸಿ, ಉಳಿದ ಪಿನ್‌ಗಳನ್ನು ಒಂದೊಂದಾಗಿ ಕರಗಿಸಿ ತೆಗೆಯಬಹುದು. ನನಗೆ ಇದೇ ಇಷ್ಟ.

ಹೊಸ ಜ್ಯಾಕ್ ಕೂರಿಸಿದ ಮೇಲೆ ಚಾರ್ಜರ್ ಸಿಕ್ಕಿಸುವ ಆತುರ ಬೇಡ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಪ್ಲಸ್-ಮೈನಸ್ ನಡುವೆ ನೋಡಿ. ಬಿಡದೆ ಬೀಪ್ ಅಂದರೆ ಎಲ್ಲೋ ಶಾರ್ಟ್ ಇದೆ, ಹುಡುಕಿ. ಡೆಲ್, ಎಚ್‌ಪಿ ಲ್ಯಾಪ್‌ಟಾಪ್‌ಗಳ ದುಂಡು ಜ್ಯಾಕಿನಲ್ಲಿ ನಡುವಿನ ತೆಳು ಪಿನ್ ಚಾರ್ಜರ್ ಗುರುತಿಸೋಕೆ ಇರುವುದು. ಅದರ ಬೆಸುಗೆ ಸರಿ ಇಲ್ಲದಿದ್ದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ನಿಮ್ಮದು ಟೈಪ್-ಸಿ ಜ್ಯಾಕ್ ಆಗಿದ್ದರೆ ಈ ಉತ್ತರ ಇಲ್ಲಿಗೇ ಮಡಚಿಟ್ಟು, ಸೂಕ್ಷ್ಮದರ್ಶಕ ಇಟ್ಟುಕೊಂಡು ಕೆಲಸ ಮಾಡುವವರ ಹತ್ತಿರ ಹೋಗಿ.

ಪ್ರಶ್ನೆ: ಹಳೇ ಡೆಸ್ಕ್‌ಟಾಪ್. ಪ್ರೊಸೆಸರ್ ಪಕ್ಕದ ಪುಟ್ಟ ದುಂಡು ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದೆ, ಕೆಲವದರಲ್ಲಿ ಕಂದು ಕೊಳೆ ಇದೆ. ಚಳಿಗಾಲದಲ್ಲಿ ಎರಡು ಮೂರು ಸಲ ಒತ್ತಿದರೆ ಆನ್ ಆಗುತ್ತದೆ. ಬದಲಿಸಿದರೆ ಸರಿಹೋದೀತಾ?
(ಡಿಟಿಪಿ ಅಂಗಡಿ, ಗಾಂಧಿ ಚೌಕ್ ಹತ್ತಿರ, ವಿಜಯಪುರ)

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ಸರಿಹೋಗುವ ಸಂಭವ ಚೆನ್ನಾಗಿಯೇ ಇದೆ. 1999ರಿಂದ 2007ರ ಆಸುಪಾಸು ತಯಾರಾದ ಬೋರ್ಡ್‌ಗಳಲ್ಲಿ ಇದು ಜಗತ್ತಿನ ತುಂಬ ಕಂಡ ರೋಗ. ಕೆಲವು ತಯಾರಕರ ಕೆಪಾಸಿಟರ್‌ಗಳಲ್ಲಿ ಒಳಗಿನ ದ್ರವವೇ ಕಳಪೆ ಇತ್ತು, ಅದು ಗ್ಯಾಸ್ ಆಗಿ ತಲೆ ಉಬ್ಬಿಸುತ್ತಿತ್ತು. ತಲೆಯ ಮೇಲಿನ ಕೂಡಿಸುವ ಗುರುತಿನಂಥ ಗೀರು ಇರುವುದೇ ಸಿಡಿಯದೆ ಮೆಲ್ಲಗೆ ಬಾಯಿ ಬಿಡಲಿ ಅಂತ. ಒಳ್ಳೆಯ ಕೆಪಾಸಿಟರ್ ಕೂಡ ಬಿಸಿಗೆ ಹೆದರುತ್ತದೆ. 10 ಡಿಗ್ರಿ ಬಿಸಿ ಏರಿದರೆ ಆಯುಷ್ಯ ಅರ್ಧ ಅಂತ ಒಂದು ಅಂದಾಜು ಲೆಕ್ಕ ಇದೆ. ವಿಜಯಪುರದ ಏಪ್ರಿಲ್-ಮೇ ನಿಮಗೆ ಹೇಳಿಕೊಡಬೇಕಾ, ಅದರ ಮೇಲೆ ಫ್ಯಾನಿನ ತುಂಬ ಧೂಳು.

ಕೊಳ್ಳುವಾಗ ಮೈಕ್ರೊಫ್ಯಾರಡ್ ಅದೇ ಇರಲಿ, ವೋಲ್ಟ್ ಅದೇ ಅಥವಾ ಅದಕ್ಕಿಂತ ಜಾಸ್ತಿ, 105 ಡಿಗ್ರಿಯದು, ಲೋ ಇಎಸ್ಆರ್ (ಒಳಗಿನ ಪ್ರತಿರೋಧ ಕಡಿಮೆ ಇರುವುದು) ಅಂತ ಕೇಳಿ. ಟಿವಿಗೆ ಹಾಕುವ ಮಾಮೂಲಿ ಕೆಪಾಸಿಟರ್ ಹಾಕಿದರೆ ಅಳತೆ ಸರಿ ಇದ್ದರೂ ಬೇಗ ಕಾಯ್ದು ಕೆಡುತ್ತದೆ. ಮೈಮೇಲಿನ ಪಟ್ಟಿ ಇರುವುದು ಮೈನಸ್ ಕಾಲು. ಆದರೆ ಬೋರ್ಡ್ ಮೇಲೆ ಬಣ್ಣ ತುಂಬಿದ ಅರ್ಧವೃತ್ತ ಯಾವಾಗಲೂ ಮೈನಸ್ಸೇ ಅಂತ ನಂಬಬೇಡಿ, ಕೆಲವು ಬೋರ್ಡ್‌ಗಳಲ್ಲಿ ಉಲ್ಟಾ ಇದೆ. ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ತೆಗೆಯುವ ರೀತಿ: ಒಂದು ಕಾಲು ಕರಗಿಸಿ ಕೆಪಾಸಿಟರನ್ನು ತುಸು ಓರೆ ಮಾಡಿ, ಇನ್ನೊಂದು ಕಾಲು ಕರಗಿಸಿ ಈ ಕಡೆ ಓರೆ, ಹೀಗೆ ನಡೆಸಿಕೊಂಡು ಹೊರಗೆ ತನ್ನಿ. ತೂತು ಮುಚ್ಚಿದರೆ ಡ್ರಿಲ್ ಬೇಡ. ಬಿಸಿ ಮಾಡಿ ಮರದ ಟೂತ್‌ಪಿಕ್ ಚುಚ್ಚಿ.

ಪ್ರಶ್ನೆ: ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಒಳಗೂ ಅದೇ ರೀತಿ ಕೆಪಾಸಿಟರ್ ಬದಲಿಸಬಹುದಲ್ಲವೇ?
(ಓದುಗರು, ಇಂಡಿ)

ಉತ್ತರ: ಬೇಡ. 230 ವೋಲ್ಟ್ ಎಸಿ ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ, ಅದು ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಅದನ್ನು ಅಳೆದು ಖಾಲಿ ಮಾಡುವುದು ಗೊತ್ತಿರುವವರಿಗೆ ಬಿಡಿ, ಅಥವಾ ಹೊಸದು ತನ್ನಿ.

ಪ್ರಶ್ನೆ: ನನ್ನ ಮಗ ಪಿಯುಸಿ. ರಾತ್ರಿ ಊಟ ಆದಮೇಲೆ ಮಲಗುವ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು ಅದೇನೋ ಬೆಸುಗೆ ಹಾಕ್ತಾನೆ. ಹೊಗೆ ಬರ್ತದೆ. ಸೀಸದ ಹೊಗೆ ವಿಷ ಅಂತಾರಲ್ಲ, ಬಿಡಿಸಲೇ?
(ಗೃಹಿಣಿ, ಶಹಾಪುರ, ಬೆಳಗಾವಿ)

ಉತ್ತರ: ಬಿಡಿಸಬೇಡಿ ಅಕ್ಕಾ, ಬಾಗಿಲು ತೆಗೆಸಿ. ಆ ಹೊಗೆ ಸೀಸದ್ದಲ್ಲ. ಸೀಸ ಕುದಿಯೋದು 1,700 ಡಿಗ್ರಿ ದಾಟಿದ ಮೇಲೆ, ಐರನ್ ಸಾಮಾನ್ಯವಾಗಿ 350-400ರ ಆಸುಪಾಸು ಇರುತ್ತದೆ. ಕಾಣುವ ಹೊಗೆ ಫ್ಲಕ್ಸಿನ ರಾಳದ್ದು. ಹಾಗಂತ ಅದು ಊದುಬತ್ತಿಯೂ ಅಲ್ಲ, ದಿನಾ ಕುಡಿದರೆ ಉಬ್ಬಸ ತರಬಲ್ಲದು, ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದ್ದರೆ ಇನ್ನೂ ಹುಷಾರಾಗಿರಬೇಕು. ಕಿಟಕಿ ಹತ್ತಿರ ಟೇಬಲ್ ಹಾಕಲಿ. ಸಣ್ಣ ಫ್ಯಾನ್ ಇಟ್ಟರೆ ಮುಖದ ಕಡೆ ಊದುವಂತೆ ಅಲ್ಲ, ಹೊಗೆಯನ್ನು ಆಚೆ ಎಳೆಯುವಂತೆ ಇಡಲಿ.

ಸೀಸ ಒಳಗೆ ಹೋಗುವ ಮುಖ್ಯ ದಾರಿ ಮೂಗಲ್ಲ, ಕೈ. ಸೋಲ್ಡರ್ ವೈರ್ ಹಿಡಿದ ಕೈಯಲ್ಲೇ ಚುರುಮುರಿ ತಿನ್ನೋದು, ವೈರನ್ನು ಬಾಯಲ್ಲಿ ಕಚ್ಚಿ ಹಿಡಿಯೋದು. ಎರಡನೆಯದು ಹುಡುಗರ ಖಾಯಂ ಚಟ, ಕಣ್ಣಿಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಆ ಟೇಬಲ್ ಮೇಲೆ ತಟ್ಟೆ ಬೇಡ. ಉದುರಿದ ಗುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಲಿ, ಪೊರಕೆಯಲ್ಲಿ ಗುಡಿಸಿದರೆ ಧೂಳು ಏಳುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಕೂಸು ಇದ್ದರೆ ಸೀಸ ಇಲ್ಲದ ವೈರನ್ನೇ ತರಿಸಿ. ಕಣ್ಣಿಗೆ ಕನ್ನಡಕ ಇರಲಿ, ಕಾಲು ಕತ್ತರಿಸುವಾಗ ಚೂರು ಸಿಡಿಯುತ್ತದೆ. ಕೆಪಾಸಿಟರಿನ ಕಾಲು, ಮಗನ ಕಾಲಲ್ಲ!

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡ್ ಡಿಸ್‌ಪ್ಲೇ ಬರ್ತಿಲ್ಲ. ಓವನ್ನಿನಲ್ಲಿ ಇಟ್ಟು ಬೇಯಿಸಿದರೆ ಸರಿಹೋಗ್ತದೆ ಅಂತ ವಿಡಿಯೊ ನೋಡಿದೆ. ನಿಜವಾ?
(ಓದುಗರು, ಮುಧೋಳ)

ಉತ್ತರ: ಕೆಲವು ಸಲ ಡಿಸ್‌ಪ್ಲೇ ಬಂದದ್ದು ನಿಜ, ವಿಡಿಯೊ ಅಲ್ಲಿಗೇ ನಿಲ್ಲುತ್ತದೆ. ಕೆಲವು ವಾರ ಬಿಟ್ಟು ಏನಾಯಿತು ಅಂತ ಯಾರೂ ತೋರಿಸುವುದಿಲ್ಲ. ಚಿಪ್ಪಿನ ಕೆಳಗೆ ಬೋರ್ಡಿಗೆ ಹೊಂದುವ ಬೆಸುಗೆ ಗುಂಡುಗಳಿವೆ, ಎಲ್ಲರೂ ಬೈಯುವುದು ಅವಕ್ಕೆ. ಆದರೆ ಚಿಪ್ಪಿನ ಒಳಗೇ ಸಿಲಿಕಾನ್ ತುಂಡಿಗೂ ಅದರ ಪೀಠಕ್ಕೂ ನಡುವೆ ಇನ್ನೂ ಸಣ್ಣ ಗುಂಡುಗಳಿವೆ. 2008ರಲ್ಲಿ ಎನ್ವಿಡಿಯಾ ಕಂಪನಿ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳ ಇಂಥದ್ದೇ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುತ್ತೇವೆ ಅಂತ ಪ್ರಕಟಿಸಿತ್ತು. ಒಳಗಿನ ಬಿರುಕು ಬಿಸಿಗೆ ಹಿಗ್ಗಿ ಸ್ವಲ್ಪ ದಿನ ತಾಗಿಕೊಳ್ಳುತ್ತದೆ, ವಾಸಿಯಾಗುವುದಿಲ್ಲ. ಅದಕ್ಕಾಗಿ ಅಡುಗೆಯ ಓವನ್ನಿನಲ್ಲಿ ಪ್ಲಾಸ್ಟಿಕ್, ಫ್ಲಕ್ಸ್ ಹೊಗೆ ತುಂಬಿಸಬೇಡಿ. ಅದಕ್ಕೂ ಮೊದಲು ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬೇರೆ ಎಸ್‌ಎಂಪಿಎಸ್ ಹಾಕಿ ನೋಡಿದಿರಾ? ಪತ್ರದಲ್ಲಿ ಅದು ಬರೆದಿಲ್ಲ.

ಪ್ರಶ್ನೆ: ನನ್ನ ಮೆಕ್ಯಾನಿಕಲ್ ಕೀಬೋರ್ಡ್ ಟಕಟಕ ಸದ್ದಿಗೆ ರೂಮಿನವರು ಬೈತಾರೆ. ಸದ್ದಿಲ್ಲದ ಸ್ವಿಚ್ ಹಾಕಬಹುದಾ ಸರ್?
(ಇಂಜಿನಿಯರಿಂಗ್ ವಿದ್ಯಾರ್ಥಿ, ಊರು ಗೋಕಾಕ, ಸದ್ಯ ಬೆಳಗಾವಿ)

ಉತ್ತರ: ಮೊದಲು ಒಂದು ಕೀಲಿಯ ಟೋಪಿ ತೆಗೆದು, ಸ್ವಿಚ್ಚನ್ನು ಪುಲ್ಲರ್‌ನಿಂದ ಮೆಲ್ಲಗೆ ಎತ್ತಿ ನೋಡಿ. ಹಾಟ್-ಸ್ವಾಪ್ ಬೋರ್ಡ್ ಆಗಿದ್ದರೆ ಹಾಗೇ ಬರುತ್ತದೆ, ಬೆಸುಗೆಯೇ ಬೇಡ. ಬರಲಿಲ್ಲ ಅಂದರೆ ಬೆಸೆದದ್ದು. 104 ಕೀಲಿ, ಒಂದೊಂದಕ್ಕೆ ಎರಡು ಕಾಲು, ಒಟ್ಟು 208 ಬೆಸುಗೆ, ಕೆಲವದರಲ್ಲಿ ಎಲ್ಇಡಿ ಕಾಲುಗಳು ಬೇರೆ. ಒಂದು ಭಾನುವಾರದ ಕೆಲಸ ಅಂದುಕೊಳ್ಳಬೇಡಿ. ಪ್ರತಿ ಕಾಲಿಗೂ ಹೊಸ ಸೋಲ್ಡರ್ ತಾಗಿಸಿ ಕರಗಿಸಿ ಪಂಪ್ ಹೊಡೆಯಿರಿ, ಆಮೇಲೆ ಇಕ್ಕಳದಿಂದ ಕಾಲನ್ನು ಅಲುಗಿಸಿ ನೋಡಿ. ತೂತಿನಲ್ಲಿ ಲಬಲಬ ಆಡಿದರೆ ಮಾತ್ರ ಸ್ವಿಚ್ ಎತ್ತಿ. ಬದಲಿಸುವ ಹೊತ್ತಿನಲ್ಲೇ ಹಾಟ್-ಸ್ವಾಪ್ ಸಾಕೆಟ್ ಬೆಸೆದುಬಿಟ್ಟರೆ ಮುಂದೆ ಐರನ್ ಮುಟ್ಟಬೇಕಿಲ್ಲ, ನಿಮ್ಮ ಬೋರ್ಡಿನ ತೂತಿಗೆ ಆ ಸಾಕೆಟ್ ಹೊಂದುತ್ತದಾ ಅಂತ ಮೊದಲು ಅಳೆಯಿರಿ. ಬರೀ ಸದ್ದಿನ ತಂಟೆ ಆಗಿದ್ದರೆ ರೂಮಿನವರಿಗೆ ಒಂದು ಸಲ ಕರದಂಟು ತಂದುಕೊಡುವುದೂ ಒಂದು ದಾರಿ, ಗೋಕಾಕದವರಿಗೆ ನಾನು ಹೇಳಬೇಕಾ?

ಪ್ರಶ್ನೆ: ಮಳೆಗಾಲದಲ್ಲಿ ಸೋರಿ ಲ್ಯಾಪ್‌ಟಾಪಿನೊಳಗೆ ನೀರು ಹೋಗಿತ್ತು. ಅಕ್ಕಿ ಡಬ್ಬಿಯಲ್ಲಿಟ್ಟು ಒಣಗಿಸಿದೆ, ನಡೆಯಿತು. ಈಗ ಯುಎಸ್‌ಬಿ ಬಂದ್. ಬಿಚ್ಚಿದರೆ ಹಸಿರು ಹಸಿರಾಗಿದೆ.
(ಓದುಗರು, ಖಾನಾಪುರ)

ಉತ್ತರ: ಅಕ್ಕಿ ಅನ್ನಕ್ಕೆ ಇರಲಿ. ನೀರು ಆರಿದರೂ ಅದರಲ್ಲಿನ ಉಪ್ಪು ಉಳಿಯುತ್ತದೆ, ಖಾನಾಪುರದ ತಂಪು ಹವೆಯಲ್ಲಿ ಅದು ಮತ್ತೆ ಮತ್ತೆ ಒದ್ದೆಯಾಗಿ ತಾಮ್ರ ತಿನ್ನುತ್ತದೆ, ಹಸಿರು ಅದೇ. ಬ್ಯಾಟರಿ ತೆಗೆದು, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಟೂತ್‌ಬ್ರಶ್‌ನಲ್ಲಿ ತಿಕ್ಕಿ. ಪೆಟ್ರೋಲ್, ಥಿನ್ನರ್ ಬೇಡ, ಹತ್ತಿರ ಐರನ್ ಬಿಸಿ ಇರುವುದೂ ಬೇಡ, ಆಲ್ಕೋಹಾಲ್ ಹತ್ತಿ ಉರಿಯುತ್ತದೆ. ಹಸಿರು ಹೋದ ಮೇಲೆ ಟ್ರ್ಯಾಕ್ ಕಡಿದಿದ್ದರೆ ಎರಡೂ ಬದಿ ಮೇಲಿನ ಬಣ್ಣ ತುಸು ಕೆರೆದು, ತೆಳು ಎನಾಮೆಲ್ ವೈರಿನ ಜಂಪರ್, ಅಂದರೆ ಸೇತುವೆ, ಹಾಕಬಹುದು. ಯುಎಸ್‌ಬಿಯ ಡೇಟಾ ಗೆರೆಗಳಾದರೆ ಜಂಪರ್ ಗಿಡ್ಡ ಇದ್ದಷ್ಟೂ ಒಳ್ಳೇದು.

ಪ್ರಶ್ನೆ: ಟೈಮ್ ಉಳಿಯಲ್ಲ ಅಂತ ಲ್ಯಾಪ್‌ಟಾಪಿನ ಸಿಆರ್2032 ಬಿಲ್ಲೆ ಸೆಲ್ ಬದಲಿಸಬೇಕು. ಹಳೇದಕ್ಕೆ ವೈರ್ ಅಂಟಿದೆ. ಹೊಸ ಸೆಲ್ಲಿಗೆ ಹಾಗೇ ಬೆಸೆಯಲಾ?
(ಓದುಗರು, ಇಳಕಲ್)

ಉತ್ತರ: ಬೇಡ. ಲಿಥಿಯಂ ಸೆಲ್ಲಿಗೆ ನೇರ ಐರನ್ ಇಟ್ಟರೆ ಸಿಡಿಯಬಹುದು. ಕಾರ್ಖಾನೆಯಲ್ಲಿ ಅದಕ್ಕೆ ಪಟ್ಟಿ ಕೂರಿಸುವುದು ಸ್ಪಾಟ್ ವೆಲ್ಡಿಂಗ್‌ನಿಂದ. ವೈರ್ ಸಮೇತ ಸಿಗುವ ಸೆಲ್ಲೇ ತನ್ನಿ, ಕನೆಕ್ಟರಿನ ಕೆಂಪು-ಕಪ್ಪು ಕ್ರಮ ಹಳೇದರ ಹಾಗೇ ಇದೆಯಾ ನೋಡಿ.

ಪ್ರಶ್ನೆ: ಇಷ್ಟೆಲ್ಲ ಸಾಮಾನು ನಮ್ಮ ಕಡೆ ಎಲ್ಲಿ ಸಿಗುತ್ತದೆ? ಅಭ್ಯಾಸಕ್ಕೆ ಬೋರ್ಡ್ ಎಲ್ಲಿಂದ ತರೋದು?
(ಓದುಗರು, ನವನಗರ, ಬಾಗಲಕೋಟೆ)

ಉತ್ತರ: ಐರನ್, ವೈರ್, ಪಂಪ್, ರೋಸಿನ್ ಇವೆಲ್ಲ ಟಿವಿ, ಮಿಕ್ಸರ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಒಳ್ಳೆ ಬಿಟ್, ಲೋ ಇಎಸ್ಆರ್ ಕೆಪಾಸಿಟರ್, ಮೌಸ್ ಸ್ವಿಚ್ ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡ್, ಬೆಳಗಾವಿ ಕಡೆಯವರಿಗೆ ಪುಣೆಯ ಬುಧವಾರ ಪೇಟೆ. ಇಲ್ಲ ಅಂದರೆ ಆನ್‌ಲೈನ್. ಕೆಪಾಸಿಟರ್ ಮಾತ್ರ ತೀರಾ ಅಗ್ಗದ್ದು ತಗೊಳ್ಳಬೇಡಿ, ಹಳೇದರ ಮೇಲೆ ಹೊಸ ಹೆಸರು ಹಚ್ಚಿ ಮಾರುವವರಿದ್ದಾರೆ.

ಬೋರ್ಡಿಗೆ ಗುಜರಿ ಅಂಗಡಿಗೆ ಹೋಗಿ, ಸತ್ತ ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸ್, ಹಳೇ ಮದರ್‌ಬೋರ್ಡ್ ತೂಕದ ಲೆಕ್ಕಕ್ಕೆ ಕೊಡುತ್ತಾರೆ. ಮೊದಲು ಸೆಟ್‌ಟಾಪ್ ಬಾಕ್ಸಿನಿಂದ ಶುರು ಮಾಡಿ, ಪದರ ಕಡಿಮೆ, ಬೇಗ ಕರಗುತ್ತದೆ. ಅದರಲ್ಲಿನ ಕನೆಕ್ಟರ್‌ಗಳನ್ನು ಕಾಲು ಬೆಸೆದ ತಾಮ್ರದ ಪ್ಯಾಡ್ ಒಂದೂ ಏಳದ ಹಾಗೆ ತೆಗೆದು ಮತ್ತೆ ಕೂರಿಸೋಕೆ ಬಂದ ಮೇಲೆ ಮದರ್‌ಬೋರ್ಡಿಗೆ ಹೋಗಿ. ಅದರ ಗ್ರೌಂಡ್ ಪಿನ್ ಬಿಡಿಸುವಾಗ ಸಿಟ್ಟು ಬಂದೀತು, ಆಗ ಇಕ್ಕಳ ಕೆಳಗಿಟ್ಟು ಇನ್ನೊಂದಿಷ್ಟು ಫ್ಲಕ್ಸ್ ಹಾಕಿ.